ಶಂಕರಿಯ ಹಲ್ಲು ಕಾಣುವ ಪಟ

ಮೂಡುಬಿದಿರೆ
೧೩-೧೧-೧೯೭೮

ಪ್ರೀತಿಯ ತಮ್ಮ ಮಹೇಶ್ವರಾ,

ಅಕ್ಕನ ತುಂಬು ಮನಸ್ಸಿನ ಆಶೀರ್ವಾದ. ನಿನ್ನ ಕೆಮ್ಮು ವಾಸಿಯಾಯಿತೇ? ಬೊಂಬಾಯಿಯ ಹೋಟೆಲಿನ ಎಣ್ಣೆತಿಂಡಿ ಬಿಟ್ಟು ಜೀರಿಗೆ ಕಷಾಯ ಕುಡಿ. ನಾವೆಲ್ಲ ಸೌಖ್ಯ. ನಿನ್ನ ಭಾವನ ಮಂಡಿನೋವು, ಗೊಣಗು ಎರಡೂ ಹಾಗೇ ಇವೆ.

ನೀನು ಹೊಸದು ಕೊಂಡು ನಮಗೆ ಬಿಟ್ಟುಹೋದ ಹಳೆಯ ಪೆಟ್ಟಿಗೆ ಕ್ಯಾಮರದ ಸುದ್ದಿ ಕೇಳು. ಶಂಕರಿಯ ಜಾತಕದ ಜೊತೆ ಕಳಿಸುತ್ತಿದ್ದ ಸ್ಟುಡಿಯೋ ಪಟ ನಿನಗೆ ಗೊತ್ತಲ್ಲ, ಸೂಜಿ ಚುಚ್ಚಿಸಿಕೊಳ್ಳಲು ಕಾದು ನಿಂತವಳ ಹಾಗೆ. ನೋಡಿದವರೆಲ್ಲ ಬೇಡ ಅಂದರು. ಸದಾ ನಗುವ ನನ್ನ ಮಗಳು ತನ್ನಲ್ಲೇ ಏನೋ ಕೊರತೆ ಅಂದುಕೊಂಡು ಕನ್ನಡಿ ನೋಡುವುದನ್ನೇ ಬಿಟ್ಟಳು. ನಾನೇ ಪಟ ತೆಗೆಯುತ್ತೇನೆ ಅಂತ ಹೊರಟೆ. ಪಟ್ಟೆಸೀರೆ ಉಡಿಸಿ ಹೊಸ ರೇಡಿಯೋದ ಪಕ್ಕ ನಿಲ್ಲಿಸಿ, ರೇಡಿಯೋ ಪೂರ್ತಿ ಬರಲಿ ಅಂತ ಕ್ಯಾಮರ ಬಗ್ಗಿಸಿದೆ. ರೇಡಿಯೋ ಚಂದ ಬಂತು, ಶಂಕರಿಗೆ ತಲೆಯೇ ಇಲ್ಲ! ಅಂಗಳದಲ್ಲಿ ತೆಗೆದರೆ ಬಿಸಿಲಿಗೆ ಕಣ್ಣು ಮುಚ್ಚಿದಳು. ಬಿಸಿಲಿಗೆ ಬೆನ್ನು ಹಾಕಿಸಿದರೆ ಮುಖವೆಲ್ಲ ಕಪ್ಪು. ಆಮೇಲೆ ಬುದ್ಧಿ ಬಂತು. ಬೆಳಗ್ಗೆ ಜಗಲಿಯ ಅಂಚಿನಲ್ಲಿ ಕೂರಿಸಬೇಕು, ಬೆಳಕು ಓರೆಯಿಂದ ಬೀಳಬೇಕು. ಎರಡು ಮಾರು ದೂರಕ್ಕಿಂತ ಹತ್ತಿರ ಹೋದರೆ ಮುಖ ಮಸುಕು. ಎಲ್ಲಕ್ಕಿಂತ ಮುಖ್ಯ, "ನಗು" ಅನ್ನಲೇಬಾರದು.

ಅವತ್ತು ಬಳೆ ಮಾರುವ ಆಸ್ಯಮ್ಮ ಜಗಲಿಯಲ್ಲಿ ಕೂತು, ಗಂಡನ ಹೊಸ ಟೊಪ್ಪಿಯನ್ನು ಆಡು ತಿಂದ ಕಥೆ ಹೇಳುತ್ತಿದ್ದಳು. "ಅರ್ಧ ತಿಂದಾಗಿತ್ತು ಮಾರಾಯ್ತಿ, ಇವರು ನೋಡದೆ ಉಳಿದದ್ದನ್ನೇ ತಲೆಗಿಟ್ಟು ಪೇಟೆಗೆ ಹೋಗಿಯೂ ಆಯ್ತು!" ಶಂಕರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ. ಪಟ ಕೈಗೆ ಬಂದಾಗ ಖುಷಿಗೆ ಅತ್ತುಬಿಟ್ಟೆ ಮಹೇಶಾ. ನಮ್ಮ ಮಗು ಇದ್ದ ಹಾಗೇ ಬಂದಿದ್ದಾಳೆ.

ಭಾವ ಹೌಹಾರಿದರು. "ಹಲ್ಲೆಲ್ಲ ಕಾಣ್ತದೆ! ಸಂಬಂಧಕ್ಕೆ ಇಂಥ ಪಟ ಕಳಿಸುವವರು ಉಂಟಾ?" ನಾನು ಬಿಡಲಿಲ್ಲ. ಪಾಣೆಮಂಗಳೂರಿನವರ ಮಗ ಶಿವಸುಬ್ರಹ್ಮಣ್ಯ ಅಂತ, ಬೊಂಬಾಯಿಯ ಮಾಟುಂಗದಲ್ಲಿದ್ದಾನೆ. ಅವರ ಮನೆಗೆ ಅದನ್ನೇ ಕಳಿಸಿದೆ. ಮೊನ್ನೆ ಉತ್ತರ ಬಂತು, ಹುಡುಗ ಒಪ್ಪಿದ್ದಾನಂತೆ! ಈಗ ಭಾವ ಪಟ ತೆಗೆದದ್ದು ತಾನೇ ಎಂಬಂತೆ ಊರಿಗೆಲ್ಲ ತೋರಿಸುತ್ತಿದ್ದಾರೆ.

ಹೊತ್ತಿಗೆ ಸರಿಯಾಗಿ ಊಟಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಶ್ರೀಮತಿ

ತಾ.ಕ.: ಟಪ್ಪಾಲಿಗೆ ಹೊತ್ತಾಯಿತು, ಮುಖ್ಯ ವಿಷಯವೇ ಬಿಟ್ಟುಹೋಗಿದೆ. ಅವರೂ ಹುಡುಗನ ಪಟ ಕಳಿಸಿದ್ದಾರೆ. ಕೋಟು ಹಾಕಿ, ಸ್ಟುಡಿಯೋದ ಕಂಬಕ್ಕೆ ಕೈಯಿಟ್ಟು, ಬಿಗಿದುಕೊಂಡು ನಿಂತದ್ದು. ಶಂಕರಿ ಅದನ್ನು ನೋಡಿ, "ಇವರು ನಗ್ತಾರಾ ಅಂತ ಗೊತ್ತಾಗದೆ ನಾನು ಹ್ಞೂಂ ಅನ್ನುವುದಿಲ್ಲ ಅಮ್ಮಾ" ಅಂದಳು. ಭಾವ ತೆರೆದ ಬಾಯಿ ಇನ್ನೂ ಮುಚ್ಚಿಲ್ಲ. ನನಗಂತೂ ಹೆಮ್ಮೆ. ಈ ಆದಿತ್ಯವಾರವೇ ನಿನ್ನ ಹೊಸ ಕ್ಯಾಮರ ಹಿಡಿದು ಮಾಟುಂಗಕ್ಕೆ, ಹುಡುಗನಿದ್ದಲ್ಲಿಗೆ ಹೋಗು. ಅವನನ್ನು ಓರೆ ಬೆಳಕಿನಲ್ಲಿ ಕೂರಿಸಿ ಏನಾದರೂ ತಮಾಷೆ ಹೇಳು. ನಕ್ಕರೆ ಒತ್ತು. ನಗದಿದ್ದರೆ ರೀಲು ಹಾಳು ಮಾಡಬೇಡ, ಚಾ ಕುಡಿದು ಬಂದುಬಿಡು.