ಹಾಜರಿ ಇಲ್ಲದ ಹತ್ತು ನಿಮಿಷ

೨೧ ನವೆಂಬರ್, ಶುಕ್ರವಾರ. ಬಳ್ಳಾರಿ

ಹಾಜರಿ ಸಾಲದವರ ಪಟ್ಟಿಗೆ ಇವತ್ತು ಸಹಿ ಹಾಕಿದೆ. ಹುಲಿಗೆಮ್ಮ ಪರೀಕ್ಷೆಗೆ ಕೂರುವಂತಿಲ್ಲ.

ಹಚ್ಚೊಳ್ಳಿಯಿಂದ ಮೊದಲ ಬಸ್ಸಿಗೇ ಹೊರಟರೂ ನನ್ನ ತರಗತಿಗೆ ಅವಳು ದಿನಾ ಹತ್ತು ನಿಮಿಷ ತಡ. ಅಷ್ಟರಲ್ಲಿ ನಾನು ಹಾಜರಿ ಕೂಗಿ ಮುಗಿಸಿರುತ್ತಿದ್ದೆ. ಅದನ್ನು ಶಿಸ್ತು ಅಂದುಕೊಂಡಿದ್ದೆನಲ್ಲ. ತರಗತಿಯ ಕೊನೆಗೆ ಕೂಗಿದ್ದರೆ ಏನಾಗುತ್ತಿತ್ತು?

ಮಧ್ಯಾಹ್ನದ ಸಭೆಯಲ್ಲಿ, ಈಗಿನ ವಿದ್ಯಾರ್ಥಿಗಳಿಗೆ ಆಸಕ್ತಿಯೇ ಇಲ್ಲ ಅಂತ ಬೇರೆ ಮಾತಾಡಿ ಬಂದೆ.

ಸಂಜೆ ಅವಳು ತನ್ನ ನೋಟ್ಸ್ ತಂದು ಮೇಜಿನ ಮೇಲಿಟ್ಟಳು. "ನಾ ಇನ್ನ ಬರಂಗಿಲ್ರಿ ಮೇಡಂ. ಇದು ಯಾರಿಗಾರ ಬೇಕಾಗ್ತೈತಿ, ಕೊಡ್ರಿ."

ಈಗ ತೆರೆದು ನೋಡುತ್ತಿದ್ದೇನೆ. ಒಂದು ದಿನದ ಪಾಠವೂ ತಪ್ಪಿಲ್ಲ. ಪ್ರತಿ ಪಾಠದ ಮೇಲೆ ನಾಲ್ಕು ಗೆರೆ ಖಾಲಿ. ತಪ್ಪಿಹೋದ ಹತ್ತು ನಿಮಿಷವನ್ನು ನನ್ನನ್ನು ಕೇಳಿ ತುಂಬಿಕೊಳ್ಳಲು ಬಿಟ್ಟ ಜಾಗ. ಒಮ್ಮೆಯೂ ಕೇಳಲಿಲ್ಲ. ಕೇಳುವ ಹಾಗೆ ನಾನು ಯಾವತ್ತು ಇದ್ದೆ?