ಅವಳ ಕಿಡ್ನಿ, ನನ್ನ ಗಂಡ

ಮಾರ್ಚ್ ಹದಿನಾಲ್ಕು, ಶನಿವಾರ
ಹೊಲಿಗೆ ಅಂಗಡಿಯಿಂದ

ಪ್ರೀತಿಯ ಗುಬ್ಬಿ,

ಬೈಯಬೇಡ ಮಾರಾಯ್ತಿ. ನಿನ್ನ ಎರಡೂ ಕಾಗದ ಬಂದು ಡ್ರಾಯರಿನಲ್ಲಿ ಗುಂಡಿಯ ಡಬ್ಬಿ ಕೆಳಗೆ ಕೂತಿವೆ. ಪುರುಸೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬರೆಯಲು ಕೂತರೆ ಬರೀ ವಿಷವೇ ಇಳಿಯುತ್ತದೆ ಅಂತ ಇವತ್ತು, ನಾಳೆ ಎಂದು ಮುಂದೂಡಿದೆ. ನಿನ್ನ ಮೊಣಕಾಲು ಹೇಗಿದೆ? ಮೊಮ್ಮಗನಿಗೆ ಹಲ್ಲು ಬಂತಾ?

ನಮ್ಮವರು ಚೆನ್ನಾಗಿದ್ದಾರೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಕೊನೇ ಪುಟಕ್ಕೆ ಹಾರುತ್ತೀಯ. ಆಪರೇಷನ್ ಆಗಿ ಎಂಟು ತಿಂಗಳಾಯಿತು. ಕೆನ್ನೆ ತುಂಬಿಕೊಂಡಿದೆ. ಗಡಿಯಾರ ರಿಪೇರಿ ಅಂಗಡಿಯ ಬಾಗಿಲು ಮತ್ತೆ ತೆರೆದಿದ್ದಾರೆ. ಕಣ್ಣಿಗೆ ಆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಊಟದ ಪರಿವೆಯೂ ಇರುವುದಿಲ್ಲ. "ಅಕ್ಕ ಕೊಟ್ಟ ಕಿಡ್ನಿ, ಒಂದು ಸೆಕೆಂಡೂ ಹಿಂದೆ ಬಿದ್ದಿಲ್ಲ ನೋಡಿ" ಅಂತ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾರೆ. ಅಕ್ಕ ಕೊಟ್ಟ ಕಿಡ್ನಿ, ಅಕ್ಕ ಕೊಟ್ಟ ಕಿಡ್ನಿ! ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಹೌದು, ಹೊಟ್ಟೆಕಿಚ್ಚೇ. ನಿನ್ನ ಹತ್ತಿರ ಮುಚ್ಚಿಡುವುದೇನು? "ಅಮ್ಮಾ, ಕಿಡ್ನಿ ನೋಡಿ ಹೊಟ್ಟೆ ಉರ್ಕೊಳ್ಳೋಳು ಈ ಪ್ರಪಂಚದಲ್ಲಿ ನೀನೊಬ್ಳೇ" ಅಂತ ಮಗಳು ಬಿದ್ದು ಬಿದ್ದು ನಗುತ್ತಾಳೆ. ನಗಲಿ. ಅವಳಿಗೂ ಒಬ್ಬ ಗಂಡ ಬರಲಿ, ಆ ಗಂಡನಿಗೂ ಒಬ್ಬ ಅಕ್ಕ ಇರಲಿ, ಆಗ ನೋಡೋಣ.

ಇವರ ಅಕ್ಕ ನಿನಗೆ ಗೊತ್ತಲ್ಲ, ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು. ರಿಟೈರ್ ಆಗಿದ್ದು ಶಾಲೆಯಿಂದ ಮಾತ್ರ. ಎದುರಿಗೆ 'ಅತ್ತಿಗೆ, ಬನ್ನಿ, ಕೂತ್ಕೊಳ್ಳಿ' ಅನ್ನುತ್ತೇನೆ. ಕಾಗದದಲ್ಲಾದರೂ ಹೆಡ್ ಮೇಡಂ, ಬಂದಳು, ಹೋದಳು ಅಂತ ಬರೆದು ಸ್ವಲ್ಪ ಉಸಿರಾಡುತ್ತೇನೆ. ಪ್ರತಿ ಭಾನುವಾರ ಬರುತ್ತಾಳೆ. ಚಪ್ಪಲಿ ಬಿಡುವ ಮೊದಲೇ "ಲೋ ಪುಟ್ಟ, ಹೇಗಿದೆಯೋ ನನ್ನ ಕಿಡ್ನಿ?" ಅನ್ನುತ್ತಾಳೆ. ಐವತ್ತು ದಾಟಿದ ಪುಟ್ಟ ಎದ್ದು ನಿಂತು "ಚೆನ್ನಾಗಿದೆ ಕಣಕ್ಕ" ಅಂತ ವರದಿ ಒಪ್ಪಿಸುತ್ತಾರೆ. ಆಮೇಲೆ ಫ್ರಿಜ್ ಬಾಗಿಲು ತೆರೆದು ತಪಾಸಣೆ. ರಕ್ತಪರೀಕ್ಷೆಯ ಫಲಿತಾಂಶ ಮೊದಲು ಹೋಗುವುದು ಅವಳ ಫೋನಿಗೆ, ಅವಳಿಂದ ಇವರಿಗೆ, ಇವರಿಂದ ನನಗೆ. ನಡುಮನೆಯ ಗೋಡೆಗೆ ಒಂದು ಫೋಟೊ ಹಾಕಿದ್ದಾರೆ: ಅಕ್ಕ ತಮ್ಮ ಇಬ್ಬರೂ ಆಸ್ಪತ್ರೆಯ ಹಸಿರು ಗೌನಿನಲ್ಲಿ ನಗುತ್ತಿದ್ದಾರೆ. ಆ ಫೋಟೊದಲ್ಲಿ ನಾನೂ ಇದ್ದೇನೆ, ಬಲಗಡೆ ಅಂಚಿನಲ್ಲಿ ಒಂದು ಮೊಣಕೈ.

ಗುಬ್ಬಿ, ಡಯಾಲಿಸಿಸ್ ನಡೆದ ಎರಡು ವರ್ಷ ಅವರು ನನ್ನವರಾಗಿದ್ದರು. ಈ ಮಾತು ಎಷ್ಟು ಕೆಟ್ಟದು ಅಂತ ನನಗೂ ಗೊತ್ತು. ವಾರಕ್ಕೆ ಮೂರು ದಿನ ಆ ಯಂತ್ರದ ಪಕ್ಕ ಸ್ಟೂಲ್ ಹಾಕಿಕೊಂಡು ಶಾಲಾ ಸಮವಸ್ತ್ರಗಳಿಗೆ ಗುಂಡಿ ಹೊಲಿಯುತ್ತಿದ್ದೆ. ಅವರು ದಿನಕ್ಕೆ ಒಂದು ಬಾಟಲಿಗಿಂತ ಹೆಚ್ಚು ನೀರು ಕುಡಿಯುವ ಹಾಗಿರಲಿಲ್ಲ, ಕುಡಿದರೆ ಮೈಯೆಲ್ಲ ಊದಿಕೊಳ್ಳುತ್ತಿತ್ತು, ಉಸಿರು ಕಟ್ಟುತ್ತಿತ್ತು. ಬಾಟಲಿಗೆ ದಾರ ಕಟ್ಟಿ ಗುರುತು ಮಾಡಿ, ಗುಟುಕು ಗುಟುಕಾಗಿ ನಾನೇ ಕೊಡುತ್ತಿದ್ದೆ. "ಇನ್ನೊಂದೇ ಗುಟುಕು ಕಣೇ" ಅಂತ ಮಕ್ಕಳ ಹಾಗೆ ಅಂಗಲಾಚುತ್ತಿದ್ದರು. ಲೋಟ ಕಿತ್ತುಕೊಂಡು, ಹೊರಗೆ ಹೋಗಿ ಅತ್ತು ಬರುತ್ತಿದ್ದೆ. ಹಾಸ್ಟೆಲಿನಲ್ಲಿ ನಿನಗೆ ಟೈಫಾಯ್ಡ್ ಆದಾಗ ನಾನು ಹೇಗೆ ನೋಡಿಕೊಂಡೆ ನೆನಪಿದೆಯಲ್ಲ, ಅದರ ನೂರು ಪಟ್ಟು.

ಕಿಡ್ನಿ ಕೊಡಲು ನಾವಿಬ್ಬರೂ ಪರೀಕ್ಷೆ ಮಾಡಿಸಿಕೊಂಡೆವು, ನಾನೂ ಹೆಡ್ ಮೇಡಮ್ಮೂ. ಅಲ್ಲಿನ ಕೌನ್ಸೆಲರ್ ಹುಡುಗಿ ನಮ್ಮನ್ನು ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡಳು. "ನಿಮ್ಮ ಮನಸ್ಸಾರೆ ಕೊಡ್ತಿದ್ದೀರಾ? ಮನೇಲಿ ಯಾರಾದ್ರೂ ಬಲವಂತ ಮಾಡಿದಾರಾ? ಬೇಡ ಅನ್ಸಿದ್ರೆ ಹೇಳಿಬಿಡಿ. ನಿಮ್ಮದು ತಗೊಳ್ಳೋಕಾಗಲ್ಲ ಅಂತಷ್ಟೇ ಹೊರಗೆ ಹೇಳ್ತೀವಿ, ಕಾರಣ ಯಾರಿಗೂ ಗೊತ್ತಾಗಲ್ಲ" ಅಂದಳು. ಒಳ್ಳೆಯ ಏರ್ಪಾಡು ಅನ್ನಿಸಿತು. ಎಷ್ಟು ಹೆಂಗಸರು ಆ ಕುರ್ಚಿಯಲ್ಲಿ ಕೂತು ಮೊದಲ ಸಲ ಬೇಡ ಅಂದಿರಬಹುದು! ನಾನು ಮಾತ್ರ ನಕ್ಕುಬಿಟ್ಟೆ. "ನನಗ್ಯಾರಮ್ಮ ಬಲವಂತ ಮಾಡ್ತಾರೆ? ನಾನೇ ಎಲ್ಲರಿಗೂ ಮಾಡ್ತಿದೀನಿ. ಎಡಗಡೇದಾದ್ರೂ ತಗೊಳ್ಳಿ, ಬಲಗಡೇದಾದ್ರೂ ತಗೊಳ್ಳಿ" ಅಂದೆ.

ಎರಡು ವಾರದ ಮೇಲೆ ಅದೇ ಹುಡುಗಿ ನನ್ನ ಮುಖ ನೋಡದೆ, "ನಿಮ್ಮದು ತಗೊಳ್ಳೋಕಾಗಲ್ಲಮ್ಮ" ಅಂದಳು. ಹೆಡ್ ಮೇಡಂದು ಆಗುತ್ತದಂತೆ. ಕ್ಯಾಂಟೀನಿನ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಗಾಯದ ಮೇಲೆ ಬರೆ ಎಳೆದ ಹಾಗೆ ನಮ್ಮತ್ತೆ ಬಂದವರಿಗೆಲ್ಲ "ಸೊಸೇದು ಆಗಲ್ಲ ಅಂದ್ರಂತೆ" ಅಂತ ಹೇಳಿ, ಆ 'ಅಂತೆ'ಯನ್ನು ಒಂದು ಮಾರು ಎಳೆಯುತ್ತಿದ್ದರು. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದು, "ಹೋಗ್ಲಿ ಬಿಡಿ, ನಿಮಗೂ ಮಗಳಿದಾಳೆ, ಭಯ ಆಗೋದು ಸಹಜ" ಅಂದಳು. ಏನು ಹೇಳಲಿ? ಹೆದರಿ ಹಿಂದೆ ಸರಿದವಳಿಗೂ ಆಸ್ಪತ್ರೆಯಲ್ಲಿ ಅದೇ ಮಾತು ಹೇಳುತ್ತಾರೆ, ನನಗೂ ಅದೇ ಮಾತು ಹೇಳಿದ್ದಾರೆ.

ಹೋದ ತಿಂಗಳು ಹೆಡ್ ಮೇಡಂ ಬಟ್ಟೆ ಸಡಿಲ ಮಾಡಿಸಿಕೊಳ್ಳಲು ಅಂಗಡಿಗೆ ಬಂದಿದ್ದಳು. ಸೊಂಟದ ಅಳತೆ ತೆಗೆಯುವಾಗ ಗಾಯದ ಗುರುತು ಕಂಡಿತು, ಪಕ್ಕೆಯ ಕೆಳಗೆ ಗೇಣುದ್ದ. ನನ್ನ ಕೈ ಅಲ್ಲೇ ನಿಂತುಬಿಟ್ಟಿತು. "ನೋಯ್ತದಾ ಅತ್ತಿಗೆ?" ಅಂದೆ. "ಒಂದೊಂದ್ಸಲ" ಅಂದಳು. ಪಾಪ ಅನ್ನಿಸಬೇಕಿತ್ತು ತಾನೆ? ನನಗೆ ಅನ್ನಿಸಿದ್ದು, ಈ ಹೊಲಿಗೆ ನನ್ನ ಮೈಮೇಲೆ ಇರಬೇಕಾಗಿತ್ತು, ಇವಳು ಕದ್ದಳು ಅಂತ.

ಇನ್ನು ಹೋದ ಭಾನುವಾರದ ರಾಮಾಯಣ ಕೇಳು. ಈಗ ಇವರು ನೀರು ಹೆಚ್ಚು ಹೆಚ್ಚು ಕುಡಿಯಬೇಕು, ಹೊಸ ಕಿಡ್ನಿಗೆ ಅದೇ ಆಹಾರ. ಊಟಕ್ಕೆ ಕೂತಾಗ ಹೆಡ್ ಮೇಡಂ ದೊಡ್ಡ ಲೋಟ ತುಂಬಿಸಿ ಕೊಟ್ಟಳು. ಇವರು ಗಟಗಟ ಕುಡಿಯುತ್ತಿದ್ದಾರೆ. ಅರ್ಧ ಲೋಟ ಆಗಿತ್ತೋ ಇಲ್ಲವೋ, ನನ್ನ ಕೈ ತಾನಾಗಿ ಮುಂದೆ ಹೋಗಿ ಲೋಟ ಕಿತ್ತುಕೊಂಡಿತು. "ಸಾಕು" ಅಂತ ಬಾಯಿಯೂ ಅಂದಿತು. ಎರಡು ವರ್ಷದ ಅಭ್ಯಾಸ ಕಣೇ, ದೇವರಾಣೆಗೂ ಬೇಕಂತ ಮಾಡಿದ್ದಲ್ಲ. ನೀರೆಲ್ಲ ಅವರ ಅಂಗಿ ಮೇಲೆ ಚೆಲ್ಲಿತು.

"ಏನಮ್ಮ ಇದು? ಆ ಕಾಲ ಮುಗೀತು. ನನ್ನ ಕಿಡ್ನೀನ ಒಣಗಿಸಿಬಿಡ್ತೀಯೇನು?" ಅಂದಳು ಹೆಡ್ ಮೇಡಂ.

ಇವರು ಒಂದು ಮಾತು ನನ್ನ ಪರವಾಗಿ ಆಡಲಿಲ್ಲ. ಅಂಗಿ ಒರೆಸಿಕೊಂಡು ನಕ್ಕರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನನ್ನ ಮೈಯೆಲ್ಲ ಹೊತ್ತಿಕೊಂಡಿತು. "ನಿಮ್ಮ ಕಿಡ್ನಿ, ನಿಮ್ಮ ಕಿಡ್ನಿ! ನಂದು ಹೊಂದಿದ್ದಿದ್ರೆ ನಿಮ್ಮ ಹತ್ರ ಬೇಡೋ ಗತಿ ಯಾರಿಗಿತ್ತು?" ಅಂದುಬಿಟ್ಟೆ.

ಯಾವತ್ತೂ ಮಾತಿಗೆ ಸೋಲದ ಹೆಂಗಸು ತಮ್ಮನ ಮುಖ ನೋಡಿದಳು. ತಮ್ಮ ಎದ್ದು ಹೋಗಿ, ಮುಚ್ಚಿದ್ದ ಕಿಟಕಿಯನ್ನೇ ಮತ್ತೆ ಮುಚ್ಚಿದರು. ಊಟ ಅರ್ಧಕ್ಕೇ ಬಿಟ್ಟು ಹೊರಟಳು. ಗೇಟಿನ ತನಕ ಹೋಗಿ ಬಿಟ್ಟುಬಂದೆ.

ಇರಲಿ ಬಿಡು. ಎಲ್ಲರೂ ಬದುಕಿದ್ದೇವೆ, ಅದೇ ದೊಡ್ಡದು. ಸೊಸೆಯ ಹತ್ತಿರ ಜಗಳ ಆಡಬೇಡ, ಮಗುವನ್ನು ನಿನ್ನ ತೊಡೆಯ ಮೇಲೆ ಹಾಕುತ್ತಾಳಲ್ಲ, ಅಷ್ಟು ಸಾಕು. ಮೊಮ್ಮಗನಿಗೆ ಒಂದು ಟೋಪಿ ಹೊಲಿದು ಕಳಿಸುತ್ತಿದ್ದೇನೆ, ನೂರು ವರ್ಷ ಬಾಳಲಿ. ಟೈಫಾಯ್ಡ್ ತಿಂದ ಮೈ ನಿನ್ನದು, ಜೋಪಾನ. ಆಗಾದರೆ ನಾನಿದ್ದೆ.

ನಿನ್ನ
ಕತ್ತರಿ

ತಾ.ಕ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಗೇಟಿನ ಹತ್ತಿರ ಏನಾಯಿತು ಅಂತ ಬರೆಯದೆ ಇರಲಾರೆ.

ಹೆಡ್ ಮೇಡಂ ನನ್ನ ಭುಜ ಹಿಡಿದು, "ನನ್ನ ಮೇಲೆ ಉರ್ಕೋಬೇಡ್ವೇ. ನಿಂದು ಹೊಂದಿತ್ತು. ನನಗೆ ವಯಸ್ಸಾಗಿದೆ, ನಿಂದೇ ವಾಸಿ ಅಂತಿದ್ರು ಡಾಕ್ಟರು. ಅವನೇ ಬೇಡ ಅಂದ. ನಿನಗೆ ಹೇಳಕೂಡದು ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ" ಅಂದಳು.

ಮಾರನೇ ದಿನವೇ ಆಸ್ಪತ್ರೆಗೆ ಹೋದೆ. ಆ ಕೌನ್ಸೆಲರ್ ಹುಡುಗಿ ಮತ್ತೆ ಬಾಗಿಲು ಹಾಕಿದಳು. "ಅವರೇನು ಹೇಳಿದ್ರು ಅಂತ ನಾನು ಹೇಳೋ ಹಾಗಿಲ್ಲಮ್ಮ. ಇಷ್ಟು ಹೇಳಬಲ್ಲೆ. ಬೇಡ ಅನ್ನೋ ಹಕ್ಕು ಕೊಡೋರಿಗೆ ಮಾತ್ರ ಅಲ್ಲ, ತಗೊಳ್ಳೋರಿಗೂ ಇದೆ." ಸರಿಯಾಗಿಯೇ ಹೇಳಿದಳು. ಸರಿಯಾದ ಮಾತಿಗೆ ಉರಿ ಆರುತ್ತದಾ?

ಅಲ್ಲಿಂದ ಸೀದಾ ಇವರ ಅಂಗಡಿಗೆ ಹೋಗಿ ಕೇಳಿದೆ. ಕಣ್ಣಿನ ಭೂತಗನ್ನಡಿ ತೆಗೆಯಲೂ ಇಲ್ಲ. "ಕೊಟ್ಟಿದ್ದನ್ನ ಅಕ್ಕ ವಾರಕ್ಕೊಂದ್ಸಲ ನೆನಪು ಮಾಡ್ತಾಳೆ, ಹೇಗೋ ತಡ್ಕೋತೀನಿ. ನೀನಾಗಿದ್ರೆ ದಿನಾ ನೆನಪು ಮಾಡ್ತಿದ್ದೆ" ಅಂದರು. ಕೋಪವಿಲ್ಲ ಗುಬ್ಬಿ, ಸಮಯ ಎಷ್ಟಾಯಿತು ಅಂದರೆ ಹೇಳುತ್ತಾರಲ್ಲ, ಹಾಗೆ ಹೇಳಿದರು.

ನೀನು ನನ್ನ ಜೊತೆ ಒಂದೇ ಕೋಣೆಯಲ್ಲಿ ಮೂರು ವರ್ಷ ಇದ್ದವಳು. ನಿಜ ಹೇಳು, ನಾನು ದಿನಾ ನೆನಪು ಮಾಡುತ್ತಿದ್ದೆನಾ? ಇಲ್ಲ ಅನ್ನುವುದಾದರೆ ಬೇಗ ಬರೆ. ಹೌದು ಅನ್ನುವುದಾದರೆ ಬರೆಯಬೇಡ. ಕಾಗದ ದಾರಿಯಲ್ಲಿ ಕಳೆದುಹೋಯಿತು ಅಂದುಕೊಳ್ಳುತ್ತೇನೆ.