ಕಲ್ಲಿನ ಲೆಕ್ಕ ನಿನಗೆ, ಕುರಿಯ ಲೆಕ್ಕ ನನಗೆ

ನಾರಾಯಣಖೇಡ
೮ ಡಿಸೆಂಬರ್ ೨೦೨೪

ಪ್ರೀತಿಯ ಮಂದಾ,

ನಿನಗೆ ಶರಣಾರ್ಥಿ, ಮನೆಯವರಿಗೆಲ್ಲ ನನ್ನ ಜೈಭೀಮ್. ದೀಪಾವಳಿಯ ವಾರದಲ್ಲೇ ನಿನ್ನ ಪತ್ರ ಕೈಸೇರಿತ್ತು. ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು, ಬೈಯಬೇಡ. ಅವ್ವನ ಮೊಣಕಾಲು ನೋವು, ಸಂಘಗಳ ಆಡಿಟ್, ಅದರ ನಡುವೆ ನನಗೊಂದು ಕೆಟ್ಟ ನೆಗಡಿ. ಇವೆಲ್ಲ ನೆಪ ಎಂದು ನೀನು ಅಂದುಕೊಳ್ಳುತ್ತೀ, ಅಂದುಕೋ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗಿಸುತ್ತೀ, ನಾನು ನಕ್ಕುಬಿಡುತ್ತೇನೆ, ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ.

ಜಹೀರಾಬಾದಿನ ಬಸ್‌ಸ್ಟ್ಯಾಂಡ್ ಹತ್ತಿರ ದೊಡ್ಡ ಕೋಣೆ ಹಿಡಿದಿದ್ದೀಯಂತೆ, ಎರಡು ಮೇಜು ಹಾಕಿಸಿದ್ದೀಯಂತೆ. ಸಂತೋಷ. "ಬಂದುಬಿಡು ಶೀಲಾ, ಒಂದೇ ಬೋರ್ಡಿನ ಮ್ಯಾಲೆ ಇಬ್ಬರ ಹೆಸರು ಬರಸ್ತೀನಿ, ಮೊದಲಿನಂಗ ಕೂಡೇ ಕುಂತು ಲೆಕ್ಕ ಬರಿಯೂನು" ಎಂದು ಕರೆದಿದ್ದೀ. ಹೂಂ ಅಥವಾ ಉಹೂಂ, ಎರಡರಲ್ಲಿ ಒಂದು ಹೇಳು ಎಂದಿದ್ದೀ. ಅದನ್ನು ಹೇಳಲಿಕ್ಕೇ ಈ ಪತ್ರ. ಆದರೆ ಮೊದಲು ಇಲ್ಲಿಯ ಸುದ್ದಿ ಕೇಳು.

ನಾನು ಲೆಕ್ಕ ಬರೆಯುವ ಕುರಿಗಾರರ ಸಂಘ ಚೆನ್ನಾಗಿ ನಡೆದಿದೆ. ಅಧ್ಯಕ್ಷ ಬಂಡೆಪ್ಪ ಈಗ ನನ್ನನ್ನು ಕೇಳದೆ ಒಂದು ಕಾಗದಕ್ಕೂ ಹೆಬ್ಬೆಟ್ಟು ಒತ್ತುವುದಿಲ್ಲ. ಬಂದ ಹೊಸದರಲ್ಲಿ ನಾನು ಮಾಡಿಕೊಂಡ ಫಜೀತಿ ನಿನಗೆ ಹೇಳಿದ್ದೆನೋ ಇಲ್ಲವೋ. ಹಟ್ಟಿಗೆ ಹೋದವಳೇ "ನಿಮ್ಮವು ಒಟ್ಟು ಎಷ್ಟು ಕುರಿ ಅದಾವ್ರಿ?" ಎಂದು ಕೇಳಿಬಿಟ್ಟೆ. ಬಂಡೆಪ್ಪನ ಹೆಂಡತಿ ಭೀಮವ್ವ ಥೂ ಥೂ ಎಂದು ಉಗುಳಿ, ಒಲೆಯ ಬೂದಿ ತಂದು ಹಿಂಡಿನ ಸುತ್ತ ಚೆಲ್ಲಿದಳು. "ಜೀವ ಇದ್ದದ್ದು ಎಣಿಸಬಾರದು ಬಾಯಿ, ದೃಷ್ಟಿ ತಾಗ್ತದ. ಇಷ್ಟೂ ತಿಳಿಯಾಂಗಿಲ್ಲೇನು ನಿಮಗ?" ಎಂದಳು. ಕುರಿ ಎಣಿಸದೆ ಕುರಿಯ ಲೆಕ್ಕ ಬರೆಯುವುದು ಹೇಗೆ, ನೀನೇ ಹೇಳು! ತಲೆ ಚಚ್ಚಿಕೊಂಡೆ. ಕೊನೆಗೆ, ಹೊಟ್ಟೆಹುಳಕ್ಕೆ ಔಷಧ ಕುಡಿಸಿದ ದಿನ ಹೋಗಿ "ಇವತ್ತು ಎಷ್ಟು ಬಾಯಿಗೆ ಔಷಧ ಹೋತು?" ಎಂದು ಕೇಳಿದೆ. ಅದನ್ನು ಮಾತ್ರ ಪಟಪಟ ಹೇಳಿದರು. ಔಷಧ ಎಣಿಸಿದರೆ ದೋಷವಿಲ್ಲವಂತೆ. ಇವತ್ತಿಗೂ ನಮ್ಮ ಸಂಘದ ಲೆಕ್ಕ ಔಷಧದ ಮೇಲೇ ನಡೆಯುತ್ತದೆ.

ಈಗ ಕೊಹೀರ್, ದೌಲತಾಬಾದ್ ಕಡೆಯಿಂದಲೂ "ಕುರಿ ಲೆಕ್ಕದ ಬಾಯಿ ಮನಿ ಎಲ್ಲಿ ಅದ?" ಎಂದು ಕೇಳಿಕೊಂಡು ಬರುತ್ತಾರೆ. ಪಸ್ತಾಪುರದ ಹತ್ತಿರದ ಹೆಣ್ಣುಮಕ್ಕಳ ಸಂಘವೊಂದು ತಮ್ಮ ಬೀಜದ ಲೆಕ್ಕವನ್ನು ನನಗೇ ಒಪ್ಪಿಸಿದೆ. ಅಲ್ಲಿ ರೂಪಾಯಿಯ ಮಾತೇ ಇಲ್ಲ. ಸೇರು ನವಣೆ ಒಯ್ದವಳು ಸುಗ್ಗಿಗೆ ಎರಡು ಸೇರು ತಂದು ಸುರಿಯುತ್ತಾಳೆ. ಅವರ ಜೊತೆ ಕುಳಿತು ರೊಟ್ಟಿ ತಿಂದು, ಜಗಳವಾಡಿ, ಬರೆದು ಬರುತ್ತೇನೆ.

ಇದೆಲ್ಲ ನಿನ್ನಿಂದ ಆದದ್ದು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ನಾವಿಬ್ಬರೂ ಕೂಡಿ ಲೆಕ್ಕ ಬರೆಯುವ ಆಫೀಸು ತೆರೆದ ಎರಡನೇ ವರ್ಷ, ತಾಂಡೂರಿನಿಂದ ಬರುವ ಬಸ್ಸಿನಲ್ಲಿ ನೀನು ಹೇಳಿದೆಯಲ್ಲ: "ಹತ್ತು ಕಟ್ಟೂವಲ್ಲಿ ಒಂದು ಮುತ್ತು ಕಟ್ಟು ಅಂತಾರ. ಎಲ್ಲಾ ಧಂಧಾ ಹಿಡದ್ರ ಒಂದೂ ಕೈಗೆ ಹತ್ತಾಂಗಿಲ್ಲ ಶೀಲಾ. ನಾ ಕಲ್ಲು, ಬ್ಯಾಳಿ ಮಿಲ್ಲು ನೋಡ್ತೀನಿ. ನೀ ಸಂಘ, ಕುರಿ ನೋಡು." ನನಗೆ ಕಲ್ಲಿನ ಲೆಕ್ಕದ ಕೆಲಸ ಇಷ್ಟವಾಗಿತ್ತು ಮಂದಾ. ನಿನ್ನ ವೀರಭದ್ರ ಮಾಮಾನ ಪಾಲಿಶ್ ಕಾರ್ಖಾನೆಯಲ್ಲಿ ಒಂದು ವರ್ಷ ಲೆಕ್ಕ ಬರೆದವಳು ನಾನೇ. ಗಣಿಯಿಂದ ಬಂದ ಬಂಡೆಯಲ್ಲಿ ಎಷ್ಟು ಒಡೆಯುತ್ತದೆ, ಒಡೆದದ್ದರಲ್ಲಿ ಎಷ್ಟು ಮಾರಾಟವಾಗುತ್ತದೆ, ಎಷ್ಟು ಪುಡಿಯಾಗಿ ನೀರಿನ ಜೊತೆ ಹರಿದುಹೋಗುತ್ತದೆ, ಎಲ್ಲ ಕಲಿತಿದ್ದೆ. ರೆಪ್ಪೆಗೆ ಕಲ್ಲಿನ ಪುಡಿ ಅಂಟಿಸಿಕೊಂಡು ಮನೆಗೆ ಬಂದರೆ ಅವ್ವ ನಗುತ್ತಿದ್ದಳು. ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಅವ್ವನೇ ಸಮಾಧಾನ ಮಾಡಿದಳು: "ಮಹಾನಂದಾ ಹೇಳ್ಯಾಳಂದ್ರ ನಿನ್ನ ಚಲೋದಕ್ಕೇ ಹೇಳಿರ್ತಾಳ, ಹೋಗು." ಹೋದೆ. ಸಂಘದ ಕೆಲಸಕ್ಕೆಂದು ನಾರಾಯಣಖೇಡಕ್ಕೆ ಬಂದ ಮೊದಲ ವರ್ಷ ಇಲ್ಲಿ ಯಾರೂ ಇಲ್ಲದೆ ಎಷ್ಟು ಅತ್ತಿದ್ದೇನೋ ನಿನಗೆ ಹೇಳಲಿಲ್ಲ. ಆಮೇಲೆ ಹೊಂದಿಕೊಂಡೆ.

ಕಾಲೇಜಿನ ಮೊದಲ ದಿನ ನೆನಪಾಗುತ್ತದೆ. ನನ್ನ ಡಬ್ಬಿಗೆ ಕೈಹಾಕಿ, ಕೇಳದೆಯೇ ಅವ್ವನ ಪುಂಡಿಪಲ್ಲೆ ತೆಗೆದು ತಿಂದೆ ನೀನು. ಸುತ್ತ ಕುಳಿತ ಹುಡುಗಿಯರು ಕಣ್ಣರಳಿಸಿ ನಿನ್ನನ್ನೇ ನೋಡುತ್ತಿದ್ದರು. "ಇನ್ನಾ ಸ್ವಲ್ಪ ಖಾರ ಬೇಕಿತ್ತು" ಎಂದೆ, ಅಷ್ಟೇ. ಅವತ್ತಿನಿಂದ ನೀನು ಹೇಳಿದ್ದೆಲ್ಲ ನನಗೆ ಖರೆ. ಅಂಥ ಗೆಳತಿ ನನಗೆ ಮತ್ತೆ ಸಿಕ್ಕಿಲ್ಲ, ಸಿಗುವುದೂ ಇಲ್ಲ.

ಅದಕ್ಕೇ ಮುಂದಿನ ಮಾತು ಬರೆಯಲು ಕೈ ಏಳುತ್ತಿಲ್ಲ. ನಾನು ಬರುವುದಿಲ್ಲ ಮಂದಾ. ಬಂಡೆಪ್ಪನ ಜನರನ್ನು ಬಿಟ್ಟು ಬರಲಾರೆ, ಅವ್ವ ಜಹೀರಾಬಾದಿನ ಮನೆಗಳ ಮೆಟ್ಟಿಲು ಹತ್ತಲಾರಳು, ಏನು ಬೇಕಾದರೂ ಅಂದುಕೋ. ಬೋರ್ಡಿನ ಮೇಲೆ ನಿನ್ನ ಹೆಸರೊಂದೇ ಬರೆಸು.

ಹೊಸ ಜಾಗ ನಿನ್ನ ಕೈಹಿಡಿಯಲಿ. ನಿನ್ನ ಮಗಳು ಸರಿತಾ ಕೂಡ ಕಾಮರ್ಸ್ ತೆಗೆದುಕೊಂಡಳೆಂದು ಕೇಳಿ ಜೀವ ತಂಪಾಯಿತು. ಅವಳಿಗೆ ಒಳ್ಳೆಯ ಗೆಳತಿಯರು ಸಿಗಲಿ, ನೂರು ಕಾಲ ಬಾಳಲಿ.

ಇಂತಿ ನಿನ್ನ
ಧಮ್ಮಶೀಲಾ

ಇನ್ನೊಂದು ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಕಾರಣ ಮುಚ್ಚಿಟ್ಟರೆ ನಾನೂ ನಿನ್ನ ಹಾಗೇ ಆಗುತ್ತೇನೆ.

ನಿನ್ನ ಪತ್ರ ಬಂದ ಮರುದಿನವೇ ವೀರಭದ್ರ ಮಾಮಾ ಇಲ್ಲಿಗೆ ಬಂದಿದ್ದರು, ಯಾರದೋ ಹೊಸ ಮನೆಗೆ ಕಲ್ಲು ಇಳಿಸಲು. ನನ್ನ ಬೋರ್ಡು ನೋಡಿ ಒಳಗೆ ಬಂದು ಚಹಾ ಕುಡಿದರು. ಮಾತು ನಾನು ಅವರಲ್ಲಿ ಲೆಕ್ಕ ಬರೆದ ವರ್ಷದ ದೀಪಾವಳಿಗೆ ಹೋಯಿತು. ಅವರ ಮನೆಯ ಪದ್ಧತಿ ನಿನಗೆ ಗೊತ್ತು: ವರ್ಷವೆಲ್ಲ ಲೆಕ್ಕ ಬರೆದ ಕೈಯೇ ಲಕ್ಷ್ಮೀಪೂಜೆಯ ದಿನ ದೇವರ ಮುಂದೆ ಹೊಸ ಕಿರ್ದಿ ಪುಸ್ತಕದ ಮೊದಲ ಸಾಲು ಬರೆಯಬೇಕು. ಅವತ್ತು ನಾನು ಹೊಸ ಸೀರೆ ಉಟ್ಟು ತಯಾರಾಗಿದ್ದೆ. "ಪೂಜಿ ಮನಿ ಮಂದಿಗಷ್ಟೇ ಅಂತ ಶೀಲಾ, ನಾನೇ ಬರದು ಬರ್ತೀನಿ" ಎಂದು ನೀನು ಹೋದೆ. ಬಸ್ಸಿನಲ್ಲಿ ಕೆಲಸ ಹಂಚಿದ್ದು ಅದರ ಮುಂದಿನ ವಾರ. ನಮ್ಮ ಕೇರಿಯವಳ ಕೈ ದೇವರ ಕಿರ್ದಿ ಮುಟ್ಟಬಾರದೆಂದು ಮಾಮಾನ ತಾಯಿ ಸುಗಲಾಬಾಯಿ ಅಂದಿರಬೇಕು, ನೀನು ಪಾಪ ನಡುವೆ ಸಿಕ್ಕಿಬಿದ್ದಿರಬೇಕು ಎಂದು ನಾನೇ ತಿಳಿದುಕೊಂಡೆ. ಇಷ್ಟು ವರ್ಷ ಆ ಮುದುಕಿಯನ್ನು ಮನಸ್ಸಿನಲ್ಲೇ ಶಪಿಸಿದೆ.

ಮಾಮಾ ಅಂದರು: "ಅವತ್ತು ನೀ ಯಾಕ ಬರಲಿಲ್ಲ ಯವ್ವಾ? ಅವ್ವ ನಿನಗಂತ ಕುಪ್ಪಸದ ಕಣ ತೆಗೆದಿಟ್ಟಿದ್ಲು. ಮಹಾನಂದಾ ಒಬ್ಬಾಕಿನೇ ಬಂದು, 'ಆಕಿ ಕೈಲೆ ಬರೆಸೂದು ನಿಮಗ ಬರೋಬರಿ ಅನಸಾಂಗಿಲ್ಲ, ನಾನೇ ಬರಿತೀನಿ' ಅಂದ್ಲು. 'ನಾ ಯಾವಾಗ ಹಂಗ ಅಂದೀನಿ?' ಅಂತ ಅವ್ವ ಬೈದ್ಲು. ಆಮ್ಯಾಲೆ ನೋಡಿದ್ರ, ನಿನಗೇ ಕಲ್ಲಿನ ಕೆಲಸ ಬ್ಯಾಡಾಗ್ಯದ ಅಂತ ಮಹಾನಂದಾನೇ ಹೇಳಿದ್ಲು. ಹ್ವಾದ ವರ್ಷ ಅವ್ವ ಹೋಗೂತನಕ ನಿನ್ನ ನೆನಸ್ತಿದ್ಲು."

ಅವರು ನಗುನಗುತ್ತಲೇ ಹೇಳಿದರು, ಅವರಿಗೆ ಅದೊಂದು ಹಳೆಯ ಮಾತು. ನಾನು ಕಪ್ಪು ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಅತ್ತೆ.

ಬಾಗಿಲಲ್ಲೇ ನಿಲ್ಲಿಸುವವರನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅದಕ್ಕೆ ಈಗ ಅಳು ಬರುವುದಿಲ್ಲ. ಆದರೆ ಆ ಮನೆಯಲ್ಲಿ ನನ್ನ ದಾರಿ ನೋಡುತ್ತಿದ್ದರು ಮಂದಾ. ನನ್ನನ್ನು ದೂರ ಇಡು ಎಂದು ಯಾರೂ ನಿನ್ನನ್ನು ಕೇಳಿರಲಿಲ್ಲ.